ಗೊತ್ತಿಲ್ಲ ಅಂದ ಒಂದು ಮಾತು

"ಖಾತೆ ನಿಮ್ಮದು. ಅದಕ್ಕ ಕೊಟ್ಟ ಮೊಬೈಲ್ ನಂಬರು ಯಾರದ್ರಿ?"

"ನಮ್ಮ ಅಣ್ಣಂದು."

"ಹಂಗಾರ ಚಾವಿ ಅವರ ಕಡೆ ಐತಿ. ನಿಮ್ಮ ಕಡೆ ಬರೇ ಪಾಸ್‌ಬುಕ್ಕು."

ಗೀತಾಂಜಲಿಯ ಮುಖ ಕೆಂಪಾಯಿತು. ವಿಜಯಪುರದ ಅಥಣಿ ರಸ್ತೆಯ ಆ ಸಣ್ಣ ಮೊಬೈಲ್ ಅಂಗಡಿಯ ಮುಂದೆ ಇನ್ನೂ ಮೂರು ಜನ ನಿಂತಿದ್ದರು. ಪರಿಚಯವೇ ಇಲ್ಲದ ಒಬ್ಬ ಗಂಡಸು ಅವರೆಲ್ಲರ ಎದುರಿಗೆ ಅವಳ ಮನೆಯ ಮಾತು ಆಡುತ್ತಿದ್ದಾನಲ್ಲ!

"ನಮ್ಮ ಅಣ್ಣ ಏನು ಕಳ್ಳ ಅಲ್ಲ" ಎಂದಳು ಗಡುಸಾಗಿ.

ಅವನು ತಲೆ ಎತ್ತಿ ನೋಡಿದ. ನಗಲಿಲ್ಲ. "ನಾ ಹಂಗ ಅಂದಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ" ಎಂದು ಸ್ಟೂಲನ್ನು ಅವಳ ಕಡೆ ಸರಿಸಿದ.

ಅವನ ಹೆಸರು ಯಲ್ಲಾಲಿಂಗ. ಊರು ತಿಕೋಟಾ. ಮೊಬೈಲ್ ರಿಪೇರಿಯ ಜೊತೆಗೆ ಒಂದು ಬ್ಯಾಂಕಿನ ಗ್ರಾಹಕ ಸೇವಾ ಕೇಂದ್ರವನ್ನೂ ಅದೇ ಅಂಗಡಿಯಲ್ಲಿ ನಡೆಸುತ್ತಿದ್ದ. ಬೆರಳಚ್ಚು ಒತ್ತಿಸಿಕೊಂಡು ಹಣ ಕೊಡುವ ಯಂತ್ರವೊಂದು ಮೇಜಿನ ಮೇಲಿತ್ತು. ಪಿಂಚಣಿಯ ಮುದುಕಿಯರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಗೀತಾಂಜಲಿ ಬಬಲೇಶ್ವರದವಳು. ಸೀರೆ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಫೋನಿನಲ್ಲಿ ಹಾಕಿದ ಫೋಟೋ ನೋಡಿ ದೂರದೂರದಿಂದ ಸೀರೆಗಳು ಬರತೊಡಗಿದ್ದವು. ಆದರೆ ಮಣಿಯೋ ರೇಷ್ಮೆ ದಾರವೋ ತರಿಸಬೇಕೆಂದರೆ ಅಣ್ಣ ಸಿದ್ದರಾಯನ ಫೋನಿಗೆ ಹೋದ ಓಟಿಪಿಗಾಗಿ ಕಾಯಬೇಕಿತ್ತು. ಅವನು ಟಂಟಂ ಆಟೋ ಓಡಿಸುವವನು. ಅವನು ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಓಟಿಪಿಯ ಹೊತ್ತು ಮೀರಿರುತ್ತಿತ್ತು. ಒಳ್ಳೆಯವನೇ. ಅಪ್ಪ ಸತ್ತ ಮೇಲೆ ಮನೆ ಎತ್ತಿ ನಿಲ್ಲಿಸಿದವನು. ಆದರೂ ಪ್ರತಿ ಸಲ "ಮತ್ತ್ಯಾಕ ಬೇಕಾತು?" ಎಂದು ಕೇಳುವಾಗ ಅವಳಿಗೆ ತನ್ನ ದುಡಿಮೆಯನ್ನೇ ಬೇಡಿ ತಿಂದಂತಾಗುತ್ತಿತ್ತು.

ಮುಂದಿನ ಹದಿನೈದು ದಿನಗಳಲ್ಲಿ ಅವಳು ನಾಲ್ಕು ಸಲ ಆ ಅಂಗಡಿಗೆ ಬಂದಳು. ತನ್ನ ಹೆಸರಿನಲ್ಲಿ ಸಿಮ್ ತೆಗೆದುಕೊಂಡಳು. ಯಲ್ಲಾಲಿಂಗ ತುಂಬಿಕೊಟ್ಟ ಅರ್ಜಿ ಹಿಡಿದು ಬ್ಯಾಂಕಿಗೆ ಹೋಗಿ ನಂಬರು ಬದಲಿಸಿದಳು. ಕೊನೆಯ ದಿನ ಹಣ ಕಳಿಸುವ ಆ್ಯಪು ಹಾಕಿಸಿಕೊಂಡಳು. ಪಿನ್ ಇಡುವ ಹೊತ್ತು ಬಂದಾಗ ಅವನು ತಟ್ಟನೆ ಎದ್ದು, ಅವಳಿಗೆ ಬೆನ್ನು ಮಾಡಿ, ರಸ್ತೆ ನೋಡುತ್ತ ನಿಂತ.

"ಆತೇನ್ರಿ?"

"ಆತ್ರಿ."

ಆಮೇಲೆ ಅವನು ಅವಳೆದುರು ಕುಳಿತು ಬಹಳ ಹೊತ್ತು ಏನೇನೋ ತಿಳಿಸಿ ಹೇಳಿದ. ಅವಳು ಎಲ್ಲದಕ್ಕೂ ಹೂಂ ಎಂದಳು.

ಬಬಲೇಶ್ವರಕ್ಕೆ ಪಾರ್ಸಲ್ ತಡವಾಗುತ್ತದೆಂದು ದಾರ, ಮಣಿಗಳನ್ನೆಲ್ಲ ಅವನ ಅಂಗಡಿಯ ವಿಳಾಸಕ್ಕೇ ತರಿಸತೊಡಗಿದಳು. ಅದು ಅರ್ಧ ನಿಜ. ಉಳಿದರ್ಧ ಅವಳಿಗಷ್ಟೇ ಗೊತ್ತಿತ್ತು. ಗಿಣಿಹಸಿರಿಗೂ ಎಲೆಹಸಿರಿಗೂ ವ್ಯತ್ಯಾಸ ತಿಳಿಯದ ಅವನು, ಎರಡು ತಿಂಗಳಲ್ಲಿ ಪಾರ್ಸಲ್ ಬಿಚ್ಚಿದ ಕೂಡಲೇ "ಇದು ನೀವು ಕೇಳಿದ ಬಣ್ಣ ಅಲ್ಲರಿ" ಎನ್ನುವಷ್ಟಾದ. ಬಸ್ಸಿನಲ್ಲಿ ಮರಳುವಾಗ ಆ ಮಾತನ್ನೇ ನೆನೆಸಿಕೊಂಡು ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಿದ್ದಳು.

ಆಗಲೇ ನಿಡೋಣಿಯ ಶಾಹೀನ ಟೀಚರಿಂದ ಕುಚ್ಚಿನ ಕೆಲಸ ಬಂತು. ತಂಗಿಯ ಮದುವೆಗೆ ಒಂಬತ್ತು ಸೀರೆ. ದಾರ, ಮಣಿಗೆಂದು ಅವರು ಹದಿನಾಲ್ಕು ಸಾವಿರ ಮುಂಗಡ ಹಾಕಿದರು. ತನ್ನ ಫೋನಿನಲ್ಲಿ, ತನ್ನ ಖಾತೆಗೆ ಬಂದ ಅಷ್ಟು ದೊಡ್ಡ ಮೊತ್ತ ಅದೇ ಮೊದಲು. ಅವಳು ಅದನ್ನು ಅವ್ವ ಸಾವಂತ್ರವ್ವನಿಗೆ ಮೂರು ಸಲ ತೋರಿಸಿದಳು.

ಮರುದಿನ ಮಧ್ಯಾಹ್ನ ಒಂದು ಕರೆ ಬಂತು. ಪುಣೆಯಿಂದಂತೆ. ತಂಗಿಯ ಮದುವೆಯಂತೆ, ಹದಿನೈದು ಸೀರೆಯಂತೆ. ಸಿಹಿಯಾಗಿ ಮಾತಾಡಿದ ಆ ಮನುಷ್ಯ, ಮುಂಗಡ ಕಳಿಸುತ್ತೇನೆ, ಖಾತೆ ಸರಿಯಿದೆಯೋ ಇಲ್ಲವೋ ನೋಡೋಣ, ಮೊದಲು ಒಂದು ರೂಪಾಯಿಗೆ ಒಪ್ಪಿಗೆ ಕೊಡಿ ಎಂದ. ಅವಳು ಪಿನ್ ಒತ್ತಿದಳು. ಎರಡು ರೂಪಾಯಿ ತಿರುಗಿ ಬಂತು. ಆಮೇಲೆ ಅವಳೇ ಹೇಳಿದ ಮುಂಗಡದ ಮೊತ್ತಕ್ಕೆ ಒಪ್ಪಿಗೆ ಕೇಳುವ ಸಂದೇಶ ಬಂತು. ಮತ್ತೆ ಪಿನ್ ಒತ್ತಿದಳು.

ಪರದೆಯ ಮೇಲೆ ಹಸಿರು ಗುರುತು ಮೂಡಿತು... 'ಹದಿನಾಲ್ಕು ಸಾವಿರ ಪಾವತಿಯಾಗಿದೆ.'

ಪಾವತಿ? ಬಂದಿದೆ ಎಂದಿರಬೇಕಿತ್ತಲ್ಲ?

ಆ ನಂಬರಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು.

ಅಷ್ಟರಲ್ಲಿ ಸಿದ್ದರಾಯ ಊಟಕ್ಕೆ ಬಂದ. ಅವಳ ಮುಖ ನೋಡಿಯೇ ಏನಾಯಿತೆಂದು ಕೇಳಿದ. ದುಡ್ಡು ಹೋಗಿದೆ ಎಂದಷ್ಟೇ ಅವಳ ಬಾಯಿಂದ ಬಂತು. ಹ್ಯಾಗೆ ಎಂದು ಅವನು ಕೇಳಿದ್ದಕ್ಕೆ ಅಳುವೊಂದೇ ಉತ್ತರ. ಆ ಆ್ಯಪು ಹಾಕಿಕೊಟ್ಟವನು ಯಾರು ಎಂದು ಕೇಳಿದವನು, ಹೆಸರು ಕೇಳಿದ್ದೇ ಗಾಡಿಯ ಚಾವಿ ತೆಗೆದುಕೊಂಡ.

ಬಬಲೇಶ್ವರದಿಂದ ವಿಜಯಪುರದವರೆಗೆ ಟಂಟಂನಲ್ಲಿ ಅಣ್ಣನ ಪಕ್ಕ ಕುಳಿತ ಗೀತಾಂಜಲಿಗೆ ಹೇಳಲು ಬೇಕಾದಷ್ಟು ಹೊತ್ತಿತ್ತು. 'ಈಗ ಹೇಳ್ತೀನಿ... ಆ ತಿರುವು ದಾಟಲಿ, ಹೇಳ್ತೀನಿ...' ಎಂದುಕೊಳ್ಳುತ್ತಲೇ ಇದ್ದಳು. ಹೇಳಿದರೆ? ಫೋನು ಕಸಿದುಕೊಳ್ಳುತ್ತಾನೆ. ನಂಬರು ಮತ್ತೆ ಅವನದೇ ಆಗುತ್ತದೆ. ಇನ್ನು ಜನ್ಮದಲ್ಲಿ ನನ್ನ ಕೈಗೆ ಒಂದು ರೂಪಾಯಿ ಕೊಡುವುದಿಲ್ಲ. ಅಥಣಿ ರಸ್ತೆ ಬಂದೇಬಿಟ್ಟಿತು.

ಸಿದ್ದರಾಯ ಇಳಿದವನೇ ಯಲ್ಲಾಲಿಂಗನ ಅಂಗಿಯ ಕಾಲರು ಹಿಡಿದ. ಸುತ್ತ ಜನ ಸೇರಿದರು. ಯಾರೋ ಫೋನು ಎತ್ತಿ ವಿಡಿಯೋ ಮಾಡತೊಡಗಿದರು.

"ನನ್ನ ತಂಗಿ ಪಿನ್ನು ನಿನಗ ಬಿಟ್ಟು ಮತ್ಯಾರಿಗಿ ಗೊತ್ತೈತಲೇ?"

ಯಲ್ಲಾಲಿಂಗ ಕಾಲರು ಬಿಡಿಸಿಕೊಳ್ಳಲಿಲ್ಲ. ಅವಳ ಕಡೆ ತಿರುಗಿದ.

"ನೀವ ಹೇಳ್ರಿ. ನಾ ನಿಮ್ಮ ಪಿನ್ನು ನೋಡೀನೇನು?"

ಅಷ್ಟೂ ಜನ ಅವಳನ್ನು ನೋಡಿದರು. ಅಣ್ಣನೂ ನೋಡಿದ.

"ನನಗ... ಗೊತ್ತಿಲ್ಲ" ಎಂದಳು ಗೀತಾಂಜಲಿ.

ಯಲ್ಲಾಲಿಂಗನ ಮುಖದಲ್ಲಿ ಏನೋ ಆರಿಹೋಯಿತು. ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಆ ವಿಡಿಯೋ ಸಂಜೆಯೊಳಗೆ ಎಲ್ಲ ಕಡೆ ಹರಿದಾಡಿತು. ಮರುದಿನವೇ ಸೇವಾ ಕೇಂದ್ರ ನೋಡಿಕೊಳ್ಳುವ ಕಂಪನಿಯವರು ಬಂದು, ವಿಚಾರಣೆ ಮುಗಿಯುವವರೆಗೆ ಎಂದು ಯಂತ್ರ ಎತ್ತಿಕೊಂಡು ಹೋದರು. ಗೀತಾಂಜಲಿಗೆ ಇದೊಂದೂ ಗೊತ್ತಾಗಲಿಲ್ಲ. ಅವಳು ಊಟ ಬಿಟ್ಟು, ಕುಚ್ಚಿನ ಸೀರೆಗಳನ್ನು ಮುಂದಿಟ್ಟುಕೊಂಡು, ಒಂದು ಎಳೆಯನ್ನೂ ಕಟ್ಟದೆ ಕುಳಿತಿರುತ್ತಿದ್ದಳು. ಅಣ್ಣ ಬೈಯಲಿಲ್ಲ. ಫೋನೂ ಕಸಿಯಲಿಲ್ಲ. "ನಿನ್ನ ತಪ್ಪೇನೈತವಾ, ಅಂವಾ ಮೋಸಗಾರ" ಎಂದು ತಲೆ ಸವರಿದ. ಆ ಕೈ ಅವಳನ್ನು ಸುಟ್ಟಿತು.

ಐದನೆಯ ದಿನ ತಡೆಯಲಾರದೆ, ದಾರ ತರುತ್ತೇನೆಂದು ಹೇಳಿ ವಿಜಯಪುರಕ್ಕೆ ಬಂದಳು. ಅಂಗಡಿಯ ಶಟರು ಮುಚ್ಚಿತ್ತು. ಪಕ್ಕದ ಪಂಕ್ಚರ್ ಅಂಗಡಿಯ ಫಕ್ರುದ್ದೀನ ಚಾಚಾ ಅವಳನ್ನು ಗುರುತು ಹಿಡಿದರು. ವಿಡಿಯೋ ನೋಡಿ ಕಂಪನಿಯವರು ಯಂತ್ರ ಒಯ್ದರು, ಹುಡುಗ ತಿಕೋಟಾಕ್ಕೆ ಹೋದ, ಅಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂಲಿಗೆ ನಿಂತಿದ್ದಾನೆ ಎಂದರು. ಪಿಂಚಣಿಯ ಮುದುಕಿಯರು ದಿನಾ ಬಂದು ಶಟರು ನೋಡಿ ಹೋಗುತ್ತಾರೆ ಎಂದೂ ಹೇಳಿದರು.

"ಅಂವಾ ತಗೊಂಡಿಲ್ಲವಾ. ಹತ್ತು ವರ್ಷ ನೋಡೀನಿ. ಆದ್ರ ಬಾಯಿ ಯಾಕ ಬಿಡಲಿಲ್ಲ, ಅದೊಂದು ನನಗ ತಿಳೀವಲ್ದು."

ಅವನ ಬಾಯಿ ಕಟ್ಟಿದ್ದು ತನ್ನ 'ಗೊತ್ತಿಲ್ಲ' ಎಂಬ ಮಾತೇ ಎಂದು ಗೀತಾಂಜಲಿಗೆ ತಿಳಿಯಿತು.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಊಟಕ್ಕೆ ಕುಳಿತ ಅಣ್ಣನ ಮುಂದೆ ನಿಂತಳು. ಫೋನು ತೆರೆದು ತೋರಿಸಿದಳು.

"ಅಣ್ಣಾ, ಪಿನ್ ಒತ್ತಿದಾಕಿ ನಾನ. ಯಾರೋ ಫೋನ್ ಮಾಡಿ ಮೋಸ ಮಾಡಿದ. ಯಲ್ಲಾಲಿಂಗ ಏನೂ ಮಾಡಿಲ್ಲ. ನಿನಗ ಅಂಜಿ ಸುಳ್ಳು ಹೇಳ್ದೆ."

ಸಿದ್ದರಾಯ ರೊಟ್ಟಿ ತಾಟಿಗೆ ಬಿಟ್ಟ. ಸಾವಂತ್ರವ್ವ ಒಲೆಯ ಮುಂದೆ ಹಾಗೇ ಕುಳಿತಳು.

"ನನಗ ಅಂಜಿ" ಎಂದ, ಆ ಮಾತು ಬೇರೆ ಯಾರದೋ ಎನ್ನುವಂತೆ. "ಅಷ್ಟು ಅಂಜಸೀನೇನು ನಿನ್ನ?"

ಅವನು ಕೈ ತೊಳೆದು ಎದ್ದ.

ಅಂದೇ ಇಬ್ಬರೂ ವಿಜಯಪುರದ ಸೈಬರ್ ಠಾಣೆಗೆ ಹೋದರು. ಅವಳು ನಡೆದದ್ದನ್ನೆಲ್ಲ ಹೇಳಿ ಬರೆಸಿದಳು. ಮೋಸವಾದ ದಿನವೇ ಬಂದಿದ್ದರೆ ದುಡ್ಡು ಪೂರ್ತಿ ತಡೆಹಿಡಿಯಬಹುದಿತ್ತು, ಈಗ ಎಷ್ಟು ಉಳಿದಿದೆಯೋ ನೋಡಬೇಕು ಎಂದರು ಅಲ್ಲಿದ್ದವರು. ಶಾಹೀನ ಟೀಚರಿಗೆ ಫೋನಿನಲ್ಲೇ ಎಲ್ಲ ಹೇಳಿಕೊಂಡಳು. ಅವರು, ದಾರ ನಾವೇ ತಂದುಕೊಡುತ್ತೇವೆ, ಕೂಲಿಯಲ್ಲಿ ಮುರಿದುಕೊಳ್ಳೋಣ, ಸೀರೆ ಮಾತ್ರ ಹೊತ್ತಿಗೆ ಮುಗಿಸು ಎಂದರು.

ತಿಕೋಟಾಕ್ಕೆ ತಾನೂ ಬರುವುದಾಗಿ ಸಿದ್ದರಾಯ ಹೇಳಿದ. ಕಾಲರು ಹಿಡಿದದ್ದು ತನ್ನ ಕೈ ಅಲ್ಲವೇ. ಆದರೆ ಗೀತಾಂಜಲಿ ಮೊದಲು ತಾನೊಬ್ಬಳೇ ಹೋಗುತ್ತೇನೆ ಎಂದಳು.

ಶೆಡ್ಡಿನಲ್ಲಿ ಗಂಧಕದ ವಾಸನೆ ಮೂಗಿಗೆ ಅಡರಿತು. ಬಲೆಗಳ ಮೇಲೆ ಸಾಲುಸಾಲಾಗಿ ದ್ರಾಕ್ಷಿ ಒಣಗುತ್ತಿತ್ತು. ಕೆಳಗೆ ಹತ್ತು-ಹನ್ನೆರಡು ಹೆಂಗಸರು ತೊಟ್ಟು ಬಿಡಿಸುತ್ತ ಕುಳಿತಿದ್ದರು. ಅವರ ನಡುವೆ ಅವನ ತಾಯಿ ಹುಲಿಗೆವ್ವ. ಆಚೆ ತುದಿಯಲ್ಲಿ ಪೆಟ್ಟಿಗೆ ಹೊರುತ್ತಿದ್ದ ಯಲ್ಲಾಲಿಂಗ ಅವಳನ್ನು ಕಂಡು ನಿಂತುಬಿಟ್ಟ.

ತಿರುಗಿ ಹೋಗಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಹತ್ತು ಜನರ ಎದುರು ಕಳೆದ ಅವನ ಮಾನವನ್ನು ಕಿವಿಯಲ್ಲಿ ಪಿಸುಗುಟ್ಟಿ ತಿರುಗಿಸಲು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ನಾ ಬಬಲೇಶ್ವರದ ಗೀತಾಂಜಲಿ" ಎಂದಳು, ಎಲ್ಲರಿಗೂ ಕೇಳುವಂತೆ. "ನೀವು ವಿಡಿಯೋ ನೋಡಿರಬೇಕು. ಇವರು ನನ್ನ ದುಡ್ಡು ಮುಟ್ಟಿಲ್ರಿ. ನನ್ನ ಕೈಲೆ ನಾನ ಕಳಕೊಂಡೀನಿ. ಗೊತ್ತಿದ್ದೂ ಗೊತ್ತಿಲ್ಲ ಅಂದ್ನಿ. ಠಾಣೆಯೊಳಗ ಬರೆಸಿ ಬಂದೀನಿ."

ಹುಲಿಗೆವ್ವನ ಕೈ ನಿಂತಿತ್ತು. ಗೀತಾಂಜಲಿ ಠಾಣೆಯ ಕಾಗದದ ಪ್ರತಿಯನ್ನು ಅವಳ ಮುಂದಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ಯಲ್ಲಾಲಿಂಗನ ಮುಖ ನೋಡಲು ಧೈರ್ಯವಿಲ್ಲದೆ ಹೊರಗೆ ಬಂದಳು.

ಬಸ್ ನಿಲ್ದಾಣದ ಕಲ್ಲುಕಟ್ಟೆಯ ಮೇಲೆ ಕುಳಿತಾಗಲೇ ಅಳು ಬಂದದ್ದು. ಅವನು ಒಂದು ಮಾತೂ ಆಡಲಿಲ್ಲ. ಆಡಬೇಕಾದ್ದೂ ಇಲ್ಲ. ಇನ್ನು ಅಥಣಿ ರಸ್ತೆಯ ಕಡೆ ತಾನು ಸುಳಿಯಬಾರದು...

ಪಕ್ಕದಲ್ಲಿ ಯಾರೋ ಕುಳಿತರು. ಗಂಧಕದ ವಾಸನೆ.

"ಪಿನ್ ಇಟ್ಟ ದಿನ ನಾ ನಿಮಗ ಹೇಳಿದ್ನಿ" ಎಂದ ಯಲ್ಲಾಲಿಂಗ, ರಸ್ತೆ ನೋಡುತ್ತ. "ಕೊಡೂ ದುಡ್ಡಿಗಷ್ಟ ಪಿನ್ನು, ಬರೂ ದುಡ್ಡಿಗಿ ಪಿನ್ನ ಬೇಕಾಗಿಲ್ಲ ಅಂತ. ಮೂರು ಸಲ ಹೇಳಿದ್ನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಮುಚ್ಚಿಡಲು ಏನು ಉಳಿದಿದೆ?

"ನಾ ಕೇಳಲಿಲ್ರಿ."

"ಹೂಂ ಅನ್ನಾಕತ್ತಿದ್ರಿ."

"ಹೂಂ ಅನ್ನಾಕತ್ತಿದ್ನಿ... ನಿಮ್ಮನ್ನ ನೋಡಾಕತ್ತಿದ್ನಿ."

ಅವನು ತಟಕ್ಕನೆ ಅವಳ ಕಡೆ ತಿರುಗಿದ. ವಿಜಯಪುರದ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗಿದ. ಇಬ್ಬರೂ ಏಳಲಿಲ್ಲ. ಬಸ್ಸು ಹೋಯಿತು.

ತನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಇಳಿದಿಲ್ಲ ಎಂದು ಅವನು ನಿಧಾನವಾಗಿ ಹೇಳಿದ. ಸಿದ್ದರಾಯ ಕಾಲರು ಹಿಡಿದ ದಿನ ಅವಳ ಮುಖ ನೋಡಿದಾಗಲೇ ಏನಾಗಿರಬಹುದೆಂದು ತನಗೆ ಗೊತ್ತಾಗಿತ್ತು. ಇಂಥ ಮೋಸಕ್ಕೆ ಬಿದ್ದವರನ್ನು ವಾರಕ್ಕಿಬ್ಬರನ್ನಾದರೂ ನೋಡುವವನು ತಾನು.

"ಮತ್ತ ಯಾಕ ಸುಮ್ಮನಿದ್ರಿ?"

"ನಾ ಅಂದಿದ್ರ ನಿಮ್ಮಣ್ಣ ಫೋನು ಕಸಗೊಂತಿದ್ರು. ಅದನ್ನ ನಿಮ್ಮ ಹೆಸರಿಗಿ ಮಾಡಾಕ ಎಷ್ಟು ತಿರುಗ್ಯಾಡೀರಿ, ನಾ ನೋಡೀನಿ." ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ನೀವಾಗೇ ಹೇಳ್ತೀರಿ ಅಂತ ಕಾದ್ನಿ. ಐದು ದಿನ ಭಾಳ ದೊಡ್ಡವಾದುವು."

ಗೀತಾಂಜಲಿಗೆ ಮತ್ತೆ ಕಣ್ಣು ತುಂಬಿದವು. ಸೋಮವಾರ ಕಂಪನಿಯವರ ಎದುರು ತಾನೇ ಬಂದು ಹೇಳುತ್ತೇನೆ, ಯಂತ್ರ ತಿರುಗಿ ತರೋಣ ಎಂದಳು. ಅಣ್ಣನೂ ಬರುತ್ತಾನೆ, ಅವನೂ ನಿಮ್ಮ ಕೈ ಹಿಡಿದು ತಪ್ಪಾಯಿತು ಎನ್ನಬೇಕೆಂದಿದ್ದಾನೆ ಎಂದಳು. ಅವನು ತಲೆಯಾಡಿಸಿದ.

"ನಿಮ್ಮವ್ವ ಏನಂದ್ರು?" ಎಂದು ಕೇಳಿದಳು.

"ಮಂದಿ ಮುಂದ ತನ್ನ ತಪ್ಪು ತಾನ ಹೇಳಾಕ ಎಂಟೆದಿ ಬೇಕು, ಹೋಗಿ ಕೂಡು ಆಕಿ ಹತ್ರ ಅಂದ್ಳು."

"ಅವರು ಅಂದ್ರು ಅಂತ ಬಂದ್ರೇನು?"

"ಇಲ್ಲ. ಆಕಿ ಅನ್ನೂದ್ರಾಗ ನಾ ಪೆಟಗಿ ಇಳಿಸಿದ್ನಿ."

ಅವಳು ತಲೆ ತಗ್ಗಿಸಿದಳು. ಮೊದಲ ಸಲ ಅವನ ದನಿಯಲ್ಲಿ ನಗು ಸುಳಿದಿತ್ತು. ಹೊತ್ತು ಇಳಿಯುತ್ತಿತ್ತು. ಬಬಲೇಶ್ವರದಲ್ಲಿ ಅವ್ವ ದಾರಿ ಕಾಯುತ್ತಿರುತ್ತಾಳೆ.

"ಮುಂದಿನ ಬಸ್ಸು ಯಾವಾಗ್ರಿ?"

"ಇನ್ನ ಅರ್ಧ ತಾಸು ಐತಿ" ಎಂದ. ಆಮೇಲೆ, ಬಹಳ ಮೆಲ್ಲಗೆ, ಇಷ್ಟು ದಿನ ಬಿಡದೆ ಹಚ್ಚುತ್ತಿದ್ದ 'ರೀ' ಬಿಟ್ಟು ಕೇಳಿದ: "ಗೀತಾ, ಕೂಡ್ತಿಯೇನು?"

"ಕೂಡ್ತೀನಿ."