ಬೆಚ್ಚಗಿದ್ದ ಗೋಡೆ

"ಅಕ್ಕನ್ನ ನಾನು ತಳ್ಳಲಿಲ್ಲ, ದೊಡ್ಡಮ್ಮ!" ಎಂದ ಗಾರೆ ಮೇಸ್ತ್ರಿ. ಕೈಗೆ ಆಗಲೇ ಕೋಳ ಬಿದ್ದಿತ್ತು. ಹಳೆಯ ವಸ್ತುಸಂಗ್ರಹಾಲಯವನ್ನು ಕೆಡವದೆ ಹೊಸದಾಗಿಸುತ್ತಿದ್ದ ವಾಸ್ತುಶಿಲ್ಪಿ, ಅವನ ಒಡಹುಟ್ಟಿದ ಅಕ್ಕ, ವಿಗ್ರಹಗಳ ಕೋಣೆಯಲ್ಲಿ ರಿಪೇರಿಗೆ ಕಟ್ಟಿದ್ದ ಅಟ್ಟಣೆಯ ಬುಡದಲ್ಲಿ ಹೆಣವಾಗಿ ಬಿದ್ದಿದ್ದಳು.

ಊರಿಗೆಲ್ಲ ದೊಡ್ಡಮ್ಮನೇ ಆದ ನನ್ನ ದೊಡ್ಡಮ್ಮನಿಗೆ ಮಂಡಿ ನೋವು, ಬಾಯಿ ಮಾತ್ರ ಚುರುಕು. ಕಗ್ಗಂಟಾದ ಕೇಸು ಬಂದರೆ ಇನ್ಸ್‌ಪೆಕ್ಟರು ಅವಳನ್ನೇ ಕರೆಯುತ್ತಿದ್ದರು. ಅವಳ ಕೈಚೀಲ ಹೊರುವ ಕೆಲಸ ನನ್ನದು.

"ನಿನ್ನೆ ಅಕ್ಕ ತಮ್ಮ ಜಗಳ ಆಡಿದ್ದಾರೆ. ಕೊನೇಲಿ ಜೊತೆಗಿದ್ದೋನೂ ಇವನೇ" ಎಂದರು ಇನ್ಸ್‌ಪೆಕ್ಟರು.

"ಸಂಜೆ ಗಾಳಿಕಿಂಡಿ ತೆರೆದು ಮನೆಗೆ ಹೋದೆ. ಅಕ್ಕ ಅಟ್ಟಣೆ ಮೇಲೇ ಇದ್ಲು" ಎಂದ ಮೇಸ್ತ್ರಿ.

ಏ.ಸಿ. ಬೇಡವೆಂದು ಅವನ ಅಕ್ಕ ಗೋಡೆಯ ಮೇಲ್ತುದಿಯ ಹಳೆಯ ಗಾಳಿಕಿಂಡಿಗಳನ್ನು ರಿಪೇರಿ ಮಾಡಿಸಿದ್ದಳು. ಸಂಜೆ ತೆರೆದರೆ ರಾತ್ರಿಯೆಲ್ಲ ಗಾಳಿಯಾಡಿ ದಪ್ಪ ಗೋಡೆ ತಣ್ಣಗಾಗುತ್ತಿತ್ತು. ಬೆಳಗ್ಗೆ ಮುಚ್ಚಿದರೆ ಆ ತಂಪು ಹಗಲಿಡೀ ಉಳಿಯುತ್ತಿತ್ತು.

"ಬೆಳಗ್ಗೆ ಕಿಂಡಿ ತೆರೆದೇ ಇದ್ವು. ಹಗ್ಗ ಎಳೆದು ಮುಚ್ಚಿ ತಿರುಗಿದೆ, ಹೆಣ!" ಎಂದರು ವಸ್ತುಸಂಗ್ರಹಾಲಯದ ನಿರ್ದೇಶಕರು. "ಈ ಕಟ್ಟಡ ಬೀಳೋ ಹಾಗಿದೆ, ಕೆಡವಿಬಿಡಿ ಅಂತ ಬಡ್ಕೊಂಡೆ."

ನಾನು ಬೆವರುತ್ತಿದ್ದೆ. ಭಯಕ್ಕೆ ಎಂದುಕೊಂಡೆ. ಗೋಡೆಗೆ ಒರಗಿದ ದೊಡ್ಡಮ್ಮ ಥಟ್ಟನೆ ಸರಿದಳು.

"ಮುಟ್ಟಿ ನೋಡೋ."

ಗೋಡೆ ಬೆಚ್ಚಗಿತ್ತು.

"ರಾತ್ರಿ ಹೊರಗೆ ಹೇಗಿತ್ತು, ಇನ್ಸ್‌ಪೆಕ್ಟ್ರೇ?"

"ನಮ್ಮೋರೆಲ್ಲ ಸ್ವೆಟರ್ ಹಾಕ್ಕೊಂಡೇ ಬೀಟ್ ತಿರುಗಿದ್ರು."

ದೊಡ್ಡಮ್ಮ ಎಲ್ಲರನ್ನೂ ಅಲ್ಲೇ ಕೂರಿಸಿದಳು. ಸುತ್ತಲೂ ತಲೆಯಿಲ್ಲದ ವಿಗ್ರಹಗಳು. ನನಗೆ ಎದ್ದು ಓಡಿಹೋಗಬೇಕೆನಿಸಿತು.

"ಕಿಂಡಿ ರಾತ್ರಿಯೆಲ್ಲ ತೆರೆದಿದ್ರೆ ಗೋಡೆ ತಣ್ಣಗಿರ್ಬೇಕಿತ್ತು, ನಿರ್ದೇಶಕರೇ. ಸಂಜೇನೇ ಯಾರೋ ಮುಚ್ಚಿದ್ದಾರೆ. ಈ ಮೇಸ್ತ್ರಿ ಮುಚ್ಚಿದ್ರೆ, ತೆರೆದಿತ್ತು ಅಂತ ನೀವ್ಯಾಕೆ ಸುಳ್ಳು ಹೇಳ್ತೀರಿ? ಏ.ಸಿ.ಗೆ ಒಗ್ಗಿದೋರು ನೀವು. ಗೋಡೆಗೆ ತಣ್ಣಗಾಗೋಕೆ ಒಂದು ರಾತ್ರಿ ಬೇಕು ಅನ್ನೋದೇ ಹೊಳೀಲಿಲ್ಲ. ಕಟ್ಟಡ ಬೀಳುತ್ತೆ ಅಂತ ಟ್ರಸ್ಟಿನೋರನ್ನ ಹೆದರಿಸಿ ಗಾಜಿನ ಮಹಲು ಎಬ್ಬಿಸೋಕೆ ಹೊರಟಿದ್ರಿ. ಇನ್ನೂ ಇನ್ನೂರು ವರ್ಷ ನಿಲ್ಲುತ್ತೆ ಅಂತ ಅವಳು ಇವತ್ತು ಅವರ ಮುಂದೆ ತೋರಿಸೋಳಿದ್ಲು."

ನಿರ್ದೇಶಕರು ಕಿಂಡಿಯ ಹಗ್ಗದ ಕಡೆ ನೋಡಿದರು.

"ಆದ್ರೆ ತಳ್ಳಿದ ಮೇಲೆ ಕಿಂಡಿ ಮುಚ್ಚೋದ್ಯಾಕೆ?" ಎಂದು ಕೇಳಿದರು ಇನ್ಸ್‌ಪೆಕ್ಟರು.

ಉತ್ತರ ಬಂದದ್ದು ನಿರ್ದೇಶಕರಿಂದ.

"ಬೀದಿಗೆ ಕೇಳಿಸ್ತಿತ್ತು."

ಇನ್ಸ್‌ಪೆಕ್ಟರು ಕೋಳ ಬಿಚ್ಚಿದರು. ಮೇಸ್ತ್ರಿಗೆ ಅದರ ಪರಿವೆಯೇ ಇರಲಿಲ್ಲ.

"ಅಂದ್ರೆ ಬಿದ್ದ ಮೇಲೂ ಅಕ್ಕ ಕೂಗ್ತಿದ್ಲಾ? ಎಷ್ಟು ಹೊತ್ತು ಕೂಗಿದ್ಲು?"

ಮೊದಲು ಕೇಳಿದ್ದು ನಿರ್ದೇಶಕರನ್ನು. ಮೇಸ್ತ್ರಿ ದೊಡ್ಡಮ್ಮನ ಕಡೆ ತಿರುಗಿ ಮತ್ತೆ ಅದನ್ನೇ ಕೇಳಿದ.