ಹಸಿರು ಕುಲಾವಿ

"ಹೊಳ್ಯಾಗ ಮೊರ ತೇಲಿ ಬಂದ್ರ ಮುಟ್ಟಬ್ಯಾಡ್ರಿ ಧಣಿ," ಎಂದಳು ಅಡುಗೆಯ ಹಣಮಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ. "ಕೂಸಿನ ಜಡ್ಡು ಇಳಿ ತಗದು ನೀರಿಗೆ ಬಿಟ್ಟಿರ್ತಾರ. ಎತ್ತಿಕೊಂಡವರ ಮನಿಗೆ ಬರ್ತದ ಅದು."

"ಜಡ್ಡಿಗೆ ಈಜು ಬರ್ತದೇನು?" ಅಂಬರೀಶ ಹೊಟ್ಟೆ ಹಿಡಿದುಕೊಂಡು ನಕ್ಕ. ಹಣಮಮ್ಮ ನಗಲಿಲ್ಲ.

ರಾಯಚೂರಿನಲ್ಲಿ ಅಂಬರೀಶನದು ಅಕ್ಕಿ ಗಿರಣಿ. ಹೆಂಡತಿ ಶೈಲಜಾಳ ಬಸಿರು ಎರಡು ಸಲ ನಿಲ್ಲದೆ ಹೋಗಿತ್ತು. ಈ ಸಲ ನಿಂತಿದೆ, ವಿಶ್ರಾಂತಿ ಬೇಕು ಎಂದಿದ್ದರು ಡಾಕ್ಟರು. ಅದಕ್ಕೇ ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಈ ಅತಿಥಿಗೃಹಕ್ಕೆ ಕರೆದುಕೊಂಡು ಬಂದಿದ್ದ. ಇಲ್ಲಿ ಹೊತ್ತು ಸರಿಯುವುದೇ ತಿಳಿಯುತ್ತಿರಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಉಂಡು ಬೇವಿನ ನೆರಳಲ್ಲಿ ನಿದ್ದೆ. ಎದ್ದ ಮೇಲೆ ಮೆಟ್ಟಿಲ ಮೇಲೆ ಕೂತು ನೀರಲ್ಲಿ ಕಾಲು ಇಳಿಬಿಡುವುದು. ಗಿರಣಿಯ ಗದ್ದಲ ಕಿವಿಯಿಂದ ಇಳಿದುಹೋಗಿತ್ತು. ಹೆಂಡತಿಯ ಮುಖದಲ್ಲಿ ಇಷ್ಟೊಂದು ನೆಮ್ಮದಿಯನ್ನು ಅವನು ಕಂಡೇ ಇರಲಿಲ್ಲ.

ಒಂದು ಸಂಜೆ ಅವಳು ಒಳಗಿದ್ದಾಗ ಮೊರವೊಂದು ಮೆಟ್ಟಿಲಿಗೆ ಬಂದು ಬಡಿಯಿತು. ಬೇವಿನ ಸೊಪ್ಪು, ಕೊಯ್ದ ನಿಂಬೆಹಣ್ಣು, ಕುಂಕುಮ ಕಲಸಿದ ಅನ್ನ. ನಡುವೆ ಕೂಸಿನ ತಲೆಗೆ ಹಾಕುವ ಪುಟ್ಟ ಹಸಿರು ಕುಲಾವಿ, ಮೈತುಂಬ ಚಿಕ್ಕ ಚಿಕ್ಕ ಕನ್ನಡಿ. ಒಂದು ಕನ್ನಡಿ ಒಡೆದಿತ್ತು. ಇಂಥ ಕೈಕೆಲಸ ಈಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ನೀರಿಗೆ ಎಸೆಯುವವರಿಗೆ ಬುದ್ಧಿಯಿಲ್ಲ ಎಂದುಕೊಂಡು ಕುಲಾವಿ ಎತ್ತಿಕೊಂಡ, ಮೊರವನ್ನು ಕಾಲಿನಿಂದ ದೂಡಿದ. ಹುಟ್ಟುವ ಕೂಸಿಗೆ ಇರಲಿ, ಬೆಳಿಗ್ಗೆ ತೋರಿಸಿ ಬೆರಗುಗೊಳಿಸೋಣವೆಂದು ಹೆಂಡತಿಯ ದಿಂಬಿನ ಕೆಳಗೆ ಬಚ್ಚಿಟ್ಟ.

ಬೆಳಗಾಗುವಷ್ಟರಲ್ಲಿ ಶೈಲಜಾಳ ಮೈ ಕೆಂಡವಾಗಿತ್ತು. ಒಲೆ ಹಚ್ಚಿರಲಿಲ್ಲ; ಆದರೂ ಕೋಣೆಯ ತುಂಬ ಸುಟ್ಟ ಮೆಣಸಿನಕಾಯಿಯ ಘಾಟು, ಹಸಿ ಬೇವಿನ ಹೊಗೆ. ಮಂಚದ ಕೆಳಗೆ ಯಾವುದೋ ಮಗು ಕೆಮ್ಮಿತು. ಬಗ್ಗಿ ನೋಡಿದ. ಯಾರೂ ಇಲ್ಲ.

"ರೀ... ಹೊಟ್ಟ್ಯಾಗಿನ ಕೂಸು ಅಲಗಾಡವಲ್ದು," ಎಂದಳು ಅವಳು, ಕಣ್ಣು ಮೇಲಕ್ಕೆ ತೇಲಿಸುತ್ತ.

ದೇವದುರ್ಗದಿಂದ ಬಂದ ಡಾಕ್ಟರು ಸೂಜಿ ಹಾಕಿ, ರಾಯಚೂರಿಗೆ ಒಯ್ಯಿರಿ ಎಂದು ಹೋದರು. ಅವಳನ್ನು ಎಬ್ಬಿಸಲು ದಿಂಬು ಸರಿಸಿದ ಹಣಮಮ್ಮ ಕುಲಾವಿ ಕಂಡು ಗೋಡೆಗೆ ಒರಗಿಬಿಟ್ಟಳು.

"ಇದು ನಮ್ಮ ಮೊಮ್ಮಗ ಹನುಮೇಶಂದ್ರೀ. ಜ್ವರ ಬಿಡವಲ್ದಾಗಿತ್ತು, ಗಬ್ಬೂರಿನ ಬೂದೆಮ್ಮ ಮಂತ್ರ ಹಾಕಿ ಇಳಿಸಿದ್ಲು. ಇವತ್ತ ಎದ್ದು ರೊಟ್ಟಿ ಕೇಳಿದ ನನ್ನ ಕೂಸು..."

"ಹೊಳಿಗೆ ತಿರುಗಿ ಬಿಡ್ತೀನಿ!"

"ಹೊಳಿ ಒಂದ ಸಲ ಒಯ್ತದ್ರೀ. ಇನ್ನ ಯಾರ ತಲಿಂದ ಇಳದಿತ್ತೋ ಅದ ತಲಿಗೆ ಏರಿದ್ರ..." ಹಣಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಬರೀಶನಿಗೆ ಅಷ್ಟೇ ಸಾಕಾಯಿತು. "ನೀ ಇಲ್ಲೇ ಕೂಡು, ನಾ ಕಾರು ತರ್ತೀನಿ," ಎಂದು ಕುಲಾವಿಯನ್ನು ಜೇಬಿಗೆ ತುರುಕಿಕೊಂಡು ಹೊರಬಿದ್ದ. ಕಾರಿನ ಕಡೆಗೆ ಹೋಗಲಿಲ್ಲ. ಹಿತ್ತಲಾಚೆ ಹಣಮಮ್ಮನ ಗುಡಿಸಲು. ಅಂಗಳದಲ್ಲಿ ಹನುಮೇಶ ಶೇಂಗಾ ಸುಲಿಯುತ್ತ ಕೂತಿದ್ದ. ಅಪರಿಚಿತನನ್ನು ಕಂಡು ಹೆದರಲಿಲ್ಲ. ಒಂದು ಕಾಳು ಮುಂದೆ ಚಾಚಿ, "ಮಾವಾ, ತಗೋ," ಎಂದ.

ಅಂಬರೀಶ ಕಾಳು ತೆಗೆದುಕೊಂಡ. ಕುಲಾವಿ ಹಾಕಿದ. ಲಾಡಿ ಕಟ್ಟಿದ. ಕನ್ನಡಿಗಳ ಬೆಳಕು ಗೋಡೆಯ ಮೇಲೆ ಕುಣಿಯಿತು. ಮಗು ಕೇಕೆ ಹಾಕಿ ನಕ್ಕಿತು. ಅವನು ಓಡಿದ.

ಕೋಣೆಯಲ್ಲಿ ಘಾಟು ಇರಲಿಲ್ಲ. ಹಣಮಮ್ಮ ಶೈಲಜಾಳ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ, "ಜ್ವರ ಇಳೀತ್ರೀ ಧಣಿ!" ಎಂದು ದೇವರು ಮಲ್ಲಯ್ಯನಿಗೆ ಕೈಮುಗಿದಳು. "ಕೂಸು ಒದೀತು," ಎಂದು ಶೈಲಜಾ ಅತ್ತಳು. ಆಗಲೇ ಹಿತ್ತಲಿನಿಂದ ನೆರೆಯವರು ಕೂಗಿದ್ದು: "ಹಣಮಮ್ಮಾ, ಓಡಿ ಬಾರಬೇ! ಕೂಸು!" ಅವಳು ಅತ್ತ ಓಡಿದಳು, ಇವನು ಹೆಂಡತಿಯನ್ನು ಕಾರು ಹತ್ತಿಸಿದ.

ಆಮೇಲೆ ಅವನಿಗೆ ಶೇಂಗಾ ಸೇರದಾಯಿತು. ಮನೆಯಲ್ಲಿ ಹುರಿದರೆ ಎದ್ದು ಹೊರಗೆ ಹೋಗುತ್ತಿದ್ದ. "ಹಣಮಮ್ಮನ ಮೊಮ್ಮಗ ಹೆಂಗದಾನೋ," ಎಂದು ಶೈಲಜಾ ಕೇಳಿದಾಗಲೆಲ್ಲ "ಅರಾಮ್ ಇರ್ತಾನ ಬಿಡು," ಎನ್ನುತ್ತಿದ್ದ. ಹೇಸಿಗೆಯಾಗುತ್ತಿತ್ತು ಅವನಿಗೆ, ತನ್ನ ಬಾಯಿಯ ಮೇಲೆ. ಗಂಡುಮಗ ಹುಟ್ಟಿದ. ಎತ್ತಿಕೊಂಡರೆ ತೋಳಿನಲ್ಲಿ ಬೇರೆ ಯಾರದೋ ಭಾರವಿದ್ದಂತೆ ಅನ್ನಿಸಿತು.

ತೊಟ್ಟಿಲು ಹಾಕುವ ದಿನ ಹಣಮಮ್ಮ ಒಬ್ಬಳೇ ಬಂದಳು. ಶೈಲಜಾಳೇ ಫೋನ್ ಮಾಡಿ ಕರೆದಿದ್ದಳಂತೆ. ಸೊರಗಿ ಅರ್ಧವಾಗಿದ್ದಳು. ಮಗುವಿನ ಮುಖ ನೋಡಿ, ಉಡಿಯಿಂದ ಕುಲಾವಿ ತೆಗೆದು ಶೈಲಜಾಳ ಕೈಗಿಟ್ಟಳು. ಹಸಿರು. ಮೈತುಂಬ ಕನ್ನಡಿ. ಒಂದು ಒಡೆದಿತ್ತು.

"ಎಷ್ಟ ಚೆಂದ ಅದ!" ಎಂದಳು ಶೈಲಜಾ. ಜ್ವರದ ಅಮಲಿನಲ್ಲಿ ಅವಳು ಅಂದು ಇದನ್ನು ಕಂಡಿರಲಿಲ್ಲ.

ಸುಟ್ಟ ಮೆಣಸಿನಕಾಯಿಯ ಘಾಟು ಅಂಬರೀಶನ ಮೂಗಿಗೆ ಬಡಿಯಿತು. "ಬ್ಯಾಡ! ಹಾಕಬ್ಯಾಡ!" ಎಂದು ಚೀರಿದ. ಜೋಗುಳ ನಿಂತಿತು. ಎಲ್ಲರೂ ತಿರುಗಿ ನೋಡಿದರು.

"ಯಾಕ್ರೀ ಧಣಿ?" ಹಣಮಮ್ಮನ ದನಿ ಮೆತ್ತಗಿತ್ತು. "ಯಾಕ ಬ್ಯಾಡ ಅಂತ ಅಕ್ಕಾರಿಗೆ ನೀವ ಹೇಳ್ರಿ. ಹೇಳಿದ್ರ ತಿರುಗಿ ಒಯ್ತೀನಿ."

ಒಂದು ಮಾತು. ಒಂದೇ ಮಾತು ಆಡಬೇಕಿತ್ತು. ಹೆಂಡತಿ ನೋಡುತ್ತಿದ್ದಳು. ಬಂಧುಗಳು ನೋಡುತ್ತಿದ್ದರು. ಬಾಯಿ ತೆರೆದ. ನಾಲಿಗೆ ಹೊರಳಲಿಲ್ಲ.

"ಏನರ ಒಂದು ಇವರದು," ಎಂದು ಶೈಲಜಾ ನಕ್ಕು, ಮಗುವಿನ ಗದ್ದದ ಕೆಳಗೆ ಲಾಡಿ ಕಟ್ಟಿದಳು.