ತಿರುಪ್ಪೂರಿನ ವೀಣೆಗಳ್ಳಿ

"ನೀವು ತಾನೆ ವಾದೀಶ? ನನ್ನ ಚಾನೆಲ್ಲನ್ನ ಕೊಲ್ಲಾಕೆ ಹೊರಟಿರೋರು?"

ಕುರಿಚಿಯ ಕಬ್ಬಿಣ ಎರಕದ ಫೌಂಡ್ರಿಯೊಂದರ ಮಹಡಿ ಮೇಲಿನ ಪುಟ್ಟ ರೆಕಾರ್ಡಿಂಗ್ ಕೋಣೆ ಅದು. ಕೆಳಗೆ ಸದ್ದು ನಿಲ್ಲುವ ಭಾನುವಾರ ಮಾತ್ರ ಅಲ್ಲಿ ಸಂಗೀತ ಸಾಧ್ಯ. ಬಾಗಿಲು ತಳ್ಳಿಕೊಂಡು ಬಂದವಳನ್ನು ಕಂಡು ವಾದೀಶ ಹೆಡ್‌ಫೋನ್ ತೆಗೆದ. ತಿರುಪ್ಪೂರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದ ಮಲ್ಲಿಗಾಳ ಮುಖ ಬಿಸಿಲಿಗೆ ಕೆಂಪಾಗಿತ್ತೋ, ಸಿಟ್ಟಿಗೋ...

'ಇಷ್ಟು ಸಾಧು ಮುಖ ಇಟ್ಟುಕೊಂಡು ಎಂಥ ಕೆಲಸ ಮಾಡಿದ್ದಾನೆ!' ಎಂದುಕೊಂಡಳು. ಆ ಮುಖವನ್ನು ಅರೆಕ್ಷಣ ಹೆಚ್ಚೇ ನೋಡಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಅಜ್ಜಿ ನಾಚಿಯಮ್ಮ ಮನೆಗನ್ನಡದಲ್ಲಿ ಹೇಳುವ ಕಥೆಗಳನ್ನು ಮಲ್ಲಿಗಾ ಫೋನಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದಳು. ಪಲ್ಲಡಂ, ಸೂಲೂರಿನ ನಂಟರಿಷ್ಟರಿಂದ ಶುರುವಾದದ್ದು ಹನ್ನೊಂದು ಸಾವಿರ ಜನಕ್ಕೆ ಮುಟ್ಟಿತ್ತು. ಎಂಬತ್ತು ದಾಟಿದ ಮುದುಕಿ, ಇವತ್ತು ಯಾರು ಏನು ಬರೆದಿದ್ದಾರೆ ಎಂದು ಕೇಳಿಯೇ ಊಟಕ್ಕೆ ಕೂರುತ್ತಿದ್ದಳು.

ಆ ಕಥೆಗಳ ಹಿಂದೆ ಮಲ್ಲಿಗಾ ಒಂದು ವೀಣೆಯ ನಾದ ಸೇರಿಸಿದ್ದಳು. ಅದು ವಾದೀಶ ತನ್ನ ಚಾನೆಲ್ಲಿಗೆ ಹಾಕಿದ್ದ ನಾದ. ಅವನು ಮೂರು ವಿಡಿಯೋಗಳ ಮೇಲೆ ದೂರು ಕೊಟ್ಟಿದ್ದ. ಏಳು ದಿನದೊಳಗೆ ಅವನು ದೂರು ಹಿಂತೆಗೆಯದಿದ್ದರೆ, ಅಜ್ಜಿಯ ಅಷ್ಟೂ ಕಥೆಗಳ ಸಮೇತ ಚಾನೆಲ್ ಅಳಿಸಿಹೋಗುತ್ತಿತ್ತು.

"ಕದ್ದಿದ್ದು ಸಾಲದು ಅಂತ ಅಣಕ ಬೇರೆ ಮಾಡಿದೀರಿ," ಎಂದ ವಾದೀಶ, ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸುತ್ತ.

ಅವಳದೇ ವಿಡಿಯೋ. ಮೇಲುಗಡೆ ಹೂಬಳ್ಳಿಯ ನಡುವೆ ದೊಡ್ಡ ಹಳದಿ ಕನ್ನಡ ಅಕ್ಷರಗಳು. ಅವನು ಒಂದೊಂದೇ ಪದವಾಗಿ ಓದಿದ.

"ಇದು ನನ್ನ ಅಮ್ಮ ನುಡಿಸಿದ ವೀಣೆ. ನನ್ನ ಅನುಮತಿ ಇಲ್ಲದೆ ಯಾರೂ ಬಳಸಬಾರದು."

ಮಲ್ಲಿಗಾ ಪರದೆಯತ್ತ ಬಗ್ಗಿ ಆ ಅಕ್ಷರಗಳನ್ನೇ ನೋಡಿದಳು.

ಅವಳು ನಗುವುದು, ಬೈಯುವುದು, ಕನಸು ಕಾಣುವುದು ಎಲ್ಲ ಕನ್ನಡದಲ್ಲೇ. ಆದರೆ ಶಾಲೆಯಲ್ಲಿ ಕಲಿತದ್ದು ತಮಿಳು, ಇಂಗ್ಲಿಷು. ಆ ನಾದದ ಕೆಳಗೆ ಕನ್ನಡದ ಅಕ್ಷರ ಕಂಡಾಗ, ನಮ್ಮವರು ಯಾರೋ ಬರೆದ ಹಾರೈಕೆ ಇರಬೇಕೆಂದು ಸಂಭ್ರಮಪಟ್ಟು ಹಾಗೇ ಎತ್ತಿ, ಹೂಬಳ್ಳಿ ಸುತ್ತಿ ಅಂಟಿಸಿದ್ದಳು!

"ನಂಗೆ ಕನ್ನಡ ಎಳುತ್ತು ಓದಾಕೆ ಬರಲ್ಲ..." ಎಂದು ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಕಣ್ಣು ತುಂಬಿತು. ಆದರೂ ತಲೆ ತಗ್ಗಿಸಲಿಲ್ಲ.

"ಕೇಳ್ದೆ ಎತ್ಕೊಂಡಿದ್ದು ತಪ್ಪು. ಅದಕ್ಕೆ ಮನ್ನಿಪ್ಪು ಕೇಳ್ತೀನಿ. ಅಣಕ ಮಾಡ್ದೆ ಅಂದ್ರಲ್ಲ, ಅದಕ್ಕೆ ಕೇಳಲ್ಲ. ಅದು ಸುಳ್ಳು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ವಾದೀಶ ಬಹಳ ಕಂಡಿದ್ದ. ಕುಂಬಳಕಾಯಿ ನಾನೇ ತೆಗೆದೆ, ನೀನೂ ತಪ್ಪಿದ್ದೀಯ ಎನ್ನುವವಳನ್ನು ಇದೇ ಮೊದಲು ಕಂಡಿದ್ದು.

ತಾನು ಯಾಕಷ್ಟು ಉರಿದುಬಿದ್ದೆ ಎಂದು ಅವನೂ ಮೆಲ್ಲಗೆ ಹೇಳಿಕೊಂಡ. ತಾಯಿ ತುಳಸಮ್ಮ ತೀರಿಕೊಂಡು ಎರಡು ವರ್ಷ. ಕೊನೆಯ ಸಲ ನುಡಿಸಿದ್ದು ಅದೇ. ಯಾವುದೋ ಒಡವೆ ಅಂಗಡಿಯವರು ಅದನ್ನು ಕದ್ದು ಜಾಹೀರಾತಿಗೆ ಹಾಕಿಕೊಂಡಿದ್ದರಂತೆ. ಅಂದಿನಿಂದ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ದೂರು ಈಗಲೇ ಹಿಂತೆಗೆಯುತ್ತೇನೆ, ನೀವು ಆ ನಾದವನ್ನು ಧಾರಾಳವಾಗಿ ಬಳಸಿಕೊಳ್ಳಿ ಎಂದ.

"ದೂರು ತೆಗೀರಿ. ವೀಣೆ ಬೇಡ. ಪಾವಂ, ಪಾಪ ಅಂತ ನಿಮ್ಮ ಅಮ್ಮನ್ನ ನಂಗೆ ಕೊಡಬೇಡಿ."

ಬಂದಷ್ಟೇ ಬಿರುಸಾಗಿ ಹೊರಟುಹೋದಳು. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಸೆರಗು ಬಾಯಿಗಿಟ್ಟು ಅತ್ತಳು. ಅಮ್ಮನನ್ನು ಕಳೆದುಕೊಂಡವನ ಗಾಯವನ್ನು ಕೆದಕಿದೆನಲ್ಲ...

ಮನೆಯಲ್ಲಿ ಅಪ್ಪ ಮೈಲ್‌ಸಾಮಿ, ಪೊಲೀಸು ಕೇಸು ಅಂತ ಆಗುವ ಮುಂಚೆ ಇದನ್ನೆಲ್ಲ ನಿಲ್ಲಿಸು ಎಂದರು. ಅವಳು ಆಗಲ್ಲ ಎಂದಳು. ವಾರವಿಡೀ ಕೂತು ಅಷ್ಟೂ ವಿಡಿಯೋಗಳಿಂದ ಸಂಗೀತ ತೆಗೆದಳು. ಉಳಿದದ್ದು ಅಜ್ಜಿಯ ಬರಿ ದನಿ, ನಡುನಡುವೆ ಕೆಮ್ಮು, ಬಳೆ, ಪಕ್ಕದ ಬನಿಯನ್ ಕಂಪನಿಯ ಯಂತ್ರದ ಗುಂಯ್‌ಗುಡುವಿಕೆ.

ಅದನ್ನು ಕೇಳಿ ಮೊದಲು ಫೋನ್ ಮಾಡಿದವನು ವಾದೀಶ. ಅಜ್ಜಿಯ ದನಿಗೆ ಯಾವ ವೀಣೆಯೂ ಬೇಕಿಲ್ಲ ಎಂದ. ಮರುದಿನ, ಫ್ಯಾನಿನಿಂದ ಫೋನ್ ದೂರ ಇಡಿ ಎನ್ನಲು ಮಾಡಿದ. ಅದರ ಮರುದಿನ ನೆಪವೇನೂ ಇರಲಿಲ್ಲ! ಎರಡು ತಿಂಗಳು, ದಿನವೂ ಸಂಜೆ ಆರಕ್ಕೆ ಅವಳ ಎದೆ ಫೋನಿಗಿಂತ ಮೊದಲೇ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಒಂದು ಬುಧವಾರ ಫೋನ್ ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ, ಶನಿವಾರ...

'ಅವರು ಮಡಿ ಆಚಾರದ ಮನೆಯವರು. ನಾವು ಹೊಲ ಬಿಟ್ಟು ಬನಿಯನ್ ವ್ಯಾಪಾರಕ್ಕೆ ಬಂದವರು. ಗೊತ್ತಿದ್ದೂ ಆಸೆಪಟ್ಟೆಯಲ್ಲ, ಮಲ್ಲಿಗಾ!' ಎಂದು ತನ್ನನ್ನೇ ಬೈದುಕೊಂಡಳು. ತಾನಾಗಿ ಫೋನ್ ಮಾತ್ರ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಅವನೇ ನಿಂತಿದ್ದ. ಮೊದಲು ಕಂಡವಳು ನಾಚಿಯಮ್ಮ. "ನನ್ನ ಬಾಯಿ ಮುಚ್ಚಾಕೆ ನೋಡ್ದೋನು ಇವನು ತಾನೆ?" ಎಂದು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಏನು ಕಂಡಳೋ, ಮಗ ಮೈಲ್‌ಸಾಮಿಯನ್ನು ಕರೆದುಕೊಂಡು ಹಿತ್ತಲಿಗೆ ನಡೆದಳು.

"ನಾಲ್ಕು ದಿನ..." ಎಂದಳು ಮಲ್ಲಿಗಾ.

"ನಮ್ಮಪ್ಪನ ಹತ್ರ ಮಾತಾಡ್ತಿದ್ದೆ. ನಮ್ಮಿಬ್ಬರ ವಿಷಯ."

"ಒಪ್ಪಿದ್ರಾ?"

"ಇಲ್ಲ. ನಾನು ಹೇಳಿ ಬಂದಿದೀನಿ, ಕೇಳಿ ಬಂದಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಆದರೂ ಬಿಡುವವಳಲ್ಲ.

"ನಾನು ಚಾನೆಲ್ ನಿಲ್ಲಿಸಲ್ಲ. ನಿಮ್ಮನೇಲಿ ತಿಮಿರು, ಕೊಬ್ಬು ಅಂತಾರೆ."

"ಅನ್ನಲಿ. ಆ ತಿಮಿರು ನೋಡೇ ನಾನು ಸೋತಿದ್ದು."

"ಅಪ್ಪನ್ನ ಕೇಳಲಿಲ್ಲ, ಸರಿ. ನನ್ನನ್ನಾದ್ರೂ ಕೇಳ್ಬೇಕು ತಾನೆ?"

"ಅದಕ್ಕೇ ಬಂದೆ." ಅವನು ಒಂದು ಹೆಜ್ಜೆ ಮುಂದೆ ಬಂದ. "ನನ್ನ ಮದುವೆ ಆಗ್ತೀರಾ, ಮಲ್ಲಿಗಾ?"

ಅವಳು ಹಿತ್ತಲ ಕಡೆ ತಿರುಗಿ ನೋಡಲಿಲ್ಲ. ಅವನ ಕೈ ಹಿಡಿದುಕೊಂಡಳು.

"ಆಗ್ತೀನಿ. ನಾನೂ ಯಾರನ್ನೂ ಕೇಳಲ್ಲ."